ನನ್ನ ಕಣ್ಣು ಒಪ್ಪಿದ ಪರದೆ

ಅಕ್ಟೋಬರ್ 14, ಸೋಮವಾರ

'ಅಲುಗದ ದೀಪದೆದುರು ಕಣ್ಣು ದಣಿಯದು' — ಹೀಗೇನೋ ಒಂದು ಪದ್ಯದ ಸಾಲು. ಎಂ.ಎ. ಓದುವಾಗ ಬರೆದುಕೊಂಡಿದ್ದೆ. ಅದರಲ್ಲಿದ್ದದ್ದು ಕಣ್ಣೋ, ಮನಸ್ಸೋ? ಯಾವುದಾದರೂ ಸುಳ್ಳೇ. ಅಲುಗುವ ದೀಪವೇ ಪ್ರಾಮಾಣಿಕ; ಅಲುಗುವುದು ಕಾಣುತ್ತದೆ. ನಮ್ಮ ಶೆನ್‌ಜೆನ್ ಕಂಪನಿಯ ಫೋನು ಸೆಕೆಂಡಿಗೆ ಇನ್ನೂರೈವತ್ತು ಸಲ ಆರಿ ಹೊತ್ತಿಕೊಂಡು, ಅಲುಗದಂತೆ ನಟಿಸುತ್ತದೆ. ತಲೆ ಸಿಡಿಯುತ್ತದೆ — ಎಲ್ಲರಿಗೂ ಅಲ್ಲ, ನನ್ನಂಥವರಿಗೆ. ಪರದೆ ಪರೀಕ್ಷಿಸಲು ಅದಕ್ಕೇ ನನಗೆ ಸಂಬಳ.

ಇಂದು ಹೊಸ ಮಾದರಿ. ಬೆಳಕು ತಗ್ಗಿಸಿ ನೋಡಿದ್ದು ಹನ್ನೆರಡೇ ನಿಮಿಷ. ಎಡಗಣ್ಣಿನ ಹಿಂದೆ ಮೊಳೆ. ಪರದೆಯ ಮುಂದೆ ಚಾಪ್‌ಸ್ಟಿಕ್ ಬೀಸಿದೆ. ನೆರಳು ತುಂಡು ತುಂಡು; ಅಂದರೆ ಬೆಳಕು ಮಿಟುಕುತ್ತಿದೆ. 'ಫೇಲ್' ಎಂದು ಬರೆದೆ.

ಮ್ಯಾನೇಜರ್ ಪೆಂಗ್ ಬಂದ. ಮೂವತ್ತೊಂದು ವರ್ಷ, ಎಲ್ಲ ಗೊತ್ತು.

"ರುವಾನ್ ಅಕ್ಕ, ನೂರಿಪ್ಪತ್ತು ಹರ್ಟ್ಸ್ ಪರದೆ ಇದು. ಬೆಣ್ಣೆ ಥರ ಜಾರುತ್ತೆ."

"ಅದು ಚಿತ್ರ ಎಷ್ಟು ಸಲ ಬದಲಾಗುತ್ತೆ ಅನ್ನೋ ಲೆಕ್ಕ. ಬೆಳಕು ಎಷ್ಟು ಸಲ ಆರುತ್ತೆ ಅನ್ನೋದು ಬೇರೆ, ಪೆಂಗ್."

"ವಯಸ್ಸಾಯ್ತಲ್ಲ ಅಕ್ಕ, ಅದಕ್ಕೇ ತಲೆನೋವು. ಬಿಸಿನೀರು ಕುಡೀರಿ."

ಅಕ್ಟೋಬರ್ 16

ಲಿಫ್ಟಿನಲ್ಲಿ ಎದುರುಮನೆಯ ಮೋ ಅಮ್ಮ. ಮೊಮ್ಮಗಳು ಯುನ್‌ಳದೂ ನನ್ನಂಥದೇ ಕಣ್ಣು. ಫೋನು ಹಿಡಿದರೆ ವಾಂತಿ.

"ನಿನ್ನ ತಲೆ ನೋಯದ ಫೋನು ಬಂದ ದಿನ ಹೇಳಮ್ಮ. ಡಾಕ್ಟರಿಗಿಂತ ನಿನ್ನ ತಲೆ ಮೇಲೆ ನಂಬಿಕೆ ನಂಗೆ."

ಸದ್ಯಕ್ಕೆ ಯಾವುದೂ ಬೇಡ ಎಂದೆ.

ಅಕ್ಟೋಬರ್ 21

ಪೆಂಗ್ ಆಫೀಸಿನ ಚಾಟ್ ಗ್ರೂಪಿಗೆ ಉದ್ದನೆಯ ಕಡತ ಕಳಿಸಿದ. ಎಂದಿನಂತೆ ಎಲ್ಲರೂ ಸಾಲಾಗಿ 'ತಲುಪಿತು', 'ತಲುಪಿತು'... ಕುರಿಗಳು. ತಡಮಾಡಿದರೆ ಹೆಸರು ಹಿಡಿದು ಕೇಳುತ್ತಾನೆ. ನಾನೂ ಹಾಕಿದೆ. ಬಸ್ಸಿನಲ್ಲಿದ್ದೆ, ತೆರೆದು ನೋಡಲಿಲ್ಲ.

ನವೆಂಬರ್ 8, ಸಂಜೆ

ಮೆಟ್ರೋ ನಿಲ್ದಾಣದಲ್ಲಿ ಆಳೆತ್ತರದ ಜಾಹೀರಾತು. 'ಅತಿಸೂಕ್ಷ್ಮ ಕಣ್ಣಿನ ಪರೀಕ್ಷಕಿ ರುವಾನ್ ಅವರೂ ಒಪ್ಪಿದ ಪರದೆ.' ನಾನು 'ಫೇಲ್' ಎಂದು ಬರೆದ ಅದೇ ಮಾದರಿ. ಪೆಂಗ್‌ನ ಕೋಣೆಗೆ ನುಗ್ಗಿದೆ.

"ಕಡತದಲ್ಲೇ ಇತ್ತಲ್ಲ ಅಕ್ಕ. ಪೂರ್ತಿ ಬೆಳಕಲ್ಲಿ ಇನ್ನೊಂದ್ಸಲ ಅಳೆದ್ವಿ, ಪಾಸ್ ಆಯ್ತು. ಆಕ್ಷೇಪ ಇದ್ರೆ ಹೇಳಿ ಅಂದಿದ್ದೆ. ನೀವು 'ತಲುಪಿತು' ಅಂದ್ರಿ."

ಬೆಳಕು ತಗ್ಗಿಸಿದಾಗ ತಾನೇ ಅದು ಮಿಟುಕುವುದು. ಇವನಿಗೂ ಗೊತ್ತು.

"ತೆಗೆಸು."

"ಹತ್ತು ದಿನದಿಂದ ಮಾರಾಟದಲ್ಲಿದೆ, ಅಕ್ಕ." ಲೋಟದಲ್ಲಿ ಬಿಸಿನೀರು ಮುಂದಿಟ್ಟ.

ಅವನನ್ನು ಬೈಯಲು ಪದ ಸಾಕಷ್ಟಿವೆ. ಪದ್ಯದ ಒಂದು ಸಾಲಿನ ಮುಂದೆ ಮೂರು ದಿನ ಕೂರುವವಳು, ತನ್ನ ಹೆಸರಿದ್ದ ಕಡತ ತೆರೆಯಲಿಲ್ಲ. ಅವಳಿಗೆ ಯಾವ ಪದ?

ನವೆಂಬರ್ 10, ಭಾನುವಾರ, ಬೆಳಿಗ್ಗೆ 9

ಮೊದಲು ಮೋ ಅಮ್ಮನಿಗೆ ತಿಳಿಸಬೇಕು. ನಿನ್ನೆಯೇ ಹೋಗಬೇಕಿತ್ತು. ಹೇಗೆ ಹೇಳುವುದೆಂದು ಇಲ್ಲಿ ಬರೆದು ನೋಡುತ್ತಿದ್ದೆ — ಅಷ್ಟರಲ್ಲಿ ಬಾಗಿಲು ಬಡಿದ ಸದ್ದು.

ಅವರೇ. ಕೈಯಲ್ಲಿ ಕಿತ್ತಳೆಯ ಚೀಲ.

"ತಗೋ, ಸಿಹಿ ಇದೆ. ನಿನ್ನ ಹೆಸರು ನೋಡಿದ್ದೇ ಫೋನು ತಂದುಬಿಟ್ಟೆ. ನಿನ್ನೆಯಿಂದ ಮೂರು ಸಲ ಕಕ್ಕಿದಾಳೆ ಹುಡುಗಿ. ಬೈದೆ ನಾನು — ರುವಾನ್ ಅತ್ತೆ ಕಣ್ಣೇ ಒಪ್ಪಿದೆ, ನಾಟಕ ಆಡಬೇಡ, ನೋಡು ಅಂತ..."