ಅಮ್ಮನಿಗೊಂದು ಜಾಗ

ಕಾಲಿಮ್ನೋಸ್ ದ್ವೀಪ

ತಮ್ಮ ಪಾಂಡೆಲಿಸ್‌ಗೆ,

ಅಮ್ಮನನ್ನು ಹೂತು ಮೂರು ವರ್ಷ ತುಂಬಿತು. ವಾಡಿಕೆಯಂತೆ ಮೂಳೆ ತೆಗೆದು ಮುಂದಿನವರಿಗೆ ಕುಣಿ ಬಿಟ್ಟುಕೊಡಿ ಎಂದು ಪಾದ್ರಿಗಳು ಹೇಳಿಕಳಿಸಿದಾಗ ನೀನು ಫೋನಿನಲ್ಲಿ ಏನಂದೆ? "ಈಗ ಸೀಸನ್ ಕಣಕ್ಕಾ, ದೋಣಿ ತುಂಬಾ ಪ್ರವಾಸಿಗರು. ಮೂಳೆ ಎಲ್ಲಿಗೆ ಓಡಿಹೋಗುತ್ತೆ?"

ನಾನೇ ಅಗೆಸಿದೆ, ವೈನಿನಲ್ಲಿ ತೊಳೆದೆ. ಮೂಳೆ ಜೇನಿನ ಬಣ್ಣಕ್ಕೆ ತಿರುಗಿತ್ತು. "ಪುಣ್ಯಾತ್ಗಿತ್ತಿ ನಿಮ್ಮಮ್ಮ, ಅದಕ್ಕೇ ಈ ಬಣ್ಣ," ಎಂದರು ಹೆಂಗಸರು. "ಮಗ ಎಲ್ಲಮ್ಮಾ?" ಎಂದೂ ಕೇಳಿದರು.

ಮಗ ದೋಣಿಯಲ್ಲಿದ್ದ. ಬೆಳಿಗ್ಗೆ ಹೊರಟು ನಮ್ಮದೂ ಸೇರಿ ಮೂರು ದ್ವೀಪ ಸುತ್ತಿ ಸಂಜೆಗೆ ಮರಳುವ ದೋಣಿ. ಅದಕ್ಕೆ ಅಮ್ಮನದೇ ಹೆಸರು. "ಒಂದಿನ ನನ್ನನ್ನೂ ಕೂರಿಸ್ಕೊಂಡು ಹೋಗೋ," ಎಂದು ಅವಳು ಸಾಯುವವರೆಗೂ ಕೇಳಿದಳು. "ಜಾಗ ಇಲ್ಲಮ್ಮಾ, ಎಲ್ಲಾ ಬುಕ್ ಆಗಿದೆ," ಎನ್ನುತ್ತಿದ್ದೆ ನೀನು.

ಈಗ ಅವಳಿಗೆ ಹೆಚ್ಚು ಜಾಗ ಬೇಡ. ಭಾನುವಾರ ನಮ್ಮ ದಕ್ಕೆಯಲ್ಲಿ ನೀನು ಪ್ರವಾಸಿಗರನ್ನು ಕೈಹಿಡಿದು ಇಳಿಸುತ್ತಿದ್ದಾಗ, ಹಿಂಬದಿಯ ಬೆಂಚಿನ ಕೆಳಗೆ ಒಂದು ತಗಡಿನ ಪೆಟ್ಟಿಗೆ ಇಟ್ಟು ಬಂದೆ. ಅಂದಿನಿಂದ ದಿನವೂ ನಿನ್ನ ಜೊತೆ ಸುತ್ತುತ್ತಿದ್ದಾಳೆ. ಅವಳ ಮೇಲೆಯೇ ಕೂತು ನಿನ್ನ ಜನ ಕಲ್ಲಂಗಡಿ ತಿನ್ನುತ್ತಾರೆ.

ಪೆಟ್ಟಿಗೆಗೆ ನೀರು ತಾಗದಂತೆ ನೋಡಿಕೋ. ಸೀಸನ್ ಮುಗಿದ ಮೇಲೆ ಇಳಿಸಿದರಾಯಿತು. ಮೂಳೆ ಎಲ್ಲಿಗೂ ಓಡಿಹೋಗುವುದಿಲ್ಲ.

ನಿನ್ನ ಅಕ್ಕ,
ಸೆವಾಸ್ತಿ