ಹನ್ನೆರಡೂವರೆ ಬಸ್ಸು

12-5-2003, ಸೋಮವಾರ
ಗಿಡಗಳಿಗೆ ನೀರು ಬಿಟ್ಟು ಕಾಫಿಗೆ ಕೂತಿದ್ದೆ. ಹೆಡ್‌ಮಾಸ್ಟರ್ ಗುರುಸಿದ್ದಯ್ಯನವರು ಬಂದರು. ಭಾನುವಾರ ನಮ್ಮ ಚೇಳೂರು ಹೈಸ್ಕೂಲಲ್ಲಿ ಪ್ರೊಫೆಸರ್ ಪುಟ್ಟತಾಯಮ್ಮನವರಿಗೆ ಸನ್ಮಾನ. ಕಾಲೇಜಲ್ಲಿ ಪಾಠ ಮಾಡಿದವರು, ಈಗ ಸರ್ಕಾರದ ಶಿಕ್ಷಣ ಸಮಿತಿಯಲ್ಲಿದ್ದಾರೆ. ತುಮಕೂರಿನ ಹೆಣ್ಣುಮಕ್ಕಳ ವಸತಿ ಕಾಲೇಜು ಅವರು ಹಟ ಹಿಡಿದು ತಂದದ್ದು.
“ಕನ್ನಡ ಮೇಷ್ಟ್ರು ನೀವು. ಪರಿಚಯ ಭಾಷಣ ನಿಮ್ದೇ. ಜನ ಅಳ್ಬೇಕು ಕಣ್ರೀ.”
ಅಳಿಸೋಣ ಬಿಡಿ ಸಾರ್, ಅಂದೆ. ಅಜ್ಜಿಯ ಮಡಿಲಲ್ಲಿ ಕಥೆ ಕೇಳಿ ಬೆಳೆದವನು. ಅದೇನು ಕಷ್ಟ...

17-5-2003, ಶನಿವಾರ
ಸೈಕಲ್ ಶಾಪ್ ಖುರ್ಷಿದ್ ಪಾಷಾ, ಮಗಳು ರೂಬಿಯನ್ನು ಕರೆದುಕೊಂಡು ಬಂದಿದ್ದ. ಎಸ್ಸೆಸ್ಸೆಲ್ಸಿಯಲ್ಲಿ ಸ್ಕೂಲಿಗೇ ಫಸ್ಟ್. ನಾಳೆ ಎರಡು ಗಂಟೆಗೆ ತುಮಕೂರಲ್ಲಿ ಅದೇ ವಸತಿ ಕಾಲೇಜಿನ ಎಂಟ್ರೆನ್ಸ್.
“ಹಾಸ್ಟೆಲ್ ಸಿಕ್ರೆ ಓದ್ಲಿ ಮೇಷ್ಟ್ರೇ. ದಿನಾ ಬಸ್ಸಲ್ಲಿ ಓಡಾಡ್ಕೊಂಡು ಓದೋದಾದ್ರೆ ಬೇಡ. ಅವ್ರಮ್ಮ ಒಪ್ಪಲ್ಲ.”
ಹೆಡ್‌ಮಾಸ್ಟರ್ ಆಸೆ ಬೇರೆ— ಫಸ್ಟ್ ಬಂದ ಹುಡುಗಿಯೇ ಗೇಟಲ್ಲಿ ನಿಂತು ಪನ್ನೀರು ಹಾಕಬೇಕು. ಸನ್ಮಾನ ಹನ್ನೆರಡಕ್ಕೆ ಮುಗಿಯುತ್ತೆ, ಹನ್ನೆರಡೂವರೆ ಬಸ್ಸಿಗೆ ನಾನೇ ಹತ್ತಿಸ್ತೀನಿ ಅಂದೆ.
“ನಾವು ಕುಣಿಗಲ್‌ಗೆ ಮದ್ವೆಗೆ ಹೋಗ್ತೀವಿ. ನೀವು ಹೇಳಿದ್ಮೇಲೆ ಮುಗೀತು ಬುಡಿ.”
ರೂಬಿ ಬಾಗಿಲಿಂದ ತಿರುಗಿ ಅಂದಳು, “ಸಾರ್, ನೀವು ಭಾಷಣ ಉದ್ದ ಮಾಡ್ಬೇಡಿ ಮತ್ತೆ!”
ಎಲ್ಲರೂ ನಕ್ಕೆವು.

18-5-2003, ಭಾನುವಾರ, ಸಂಜೆ
ಹೇಗೆ ಬರೆಯಲಿ.
ಮೇಡಂ ಹೇಳಿದ ಹೊತ್ತಿಗೇ ಬಂದರು. ಹತ್ತಕ್ಕೆ. ಆದರೆ ಶಾಲು, ಬೆಳ್ಳಿ ತಟ್ಟೆ ಎಲ್ಲ ಸ್ವಾಗತ ಸಮಿತಿಯ ಸಾಹುಕಾರ್ ಅಡವಿಯಪ್ಪನವರ ಕಾರಲ್ಲಿ. ಅವರು ಬಂದಿಲ್ಲ. ಅವರಿಲ್ಲದೆ ಸ್ವಾಗತ ಮಾಡೋ ಹಾಗಿಲ್ಲ. ಮೇಡಂ ಅವರನ್ನು ಆಫೀಸ್ ರೂಮಲ್ಲಿ ಕೂರಿಸಿ ಎಳನೀರು ಕೊಟ್ಟೆವು. ಹುಡುಗಿಯರು ಗೇಟಲ್ಲೇ. ಕಳಶ, ಪನ್ನೀರು, ಬಿಸಿಲು.
ಹನ್ನೆರಡೂವರೆ ಬಸ್ಸು ಬಂತು. ಗೇಟಿನ ಮುಂದೇ ನಿಂತಿತು. ರೂಬಿ ನನ್ನ ಕಡೆ ನೋಡಿದಳು. ಅದೇ ಹೊತ್ತಿಗೆ ಹಿಂದೆ ಅಡವಿಯಪ್ಪನವರ ಕಾರು. ಹೆಡ್‌ಮಾಸ್ಟರ್, “ಯಾರೂ ಅಲ್ಲಾಡ್ಬೇಡಿ!” ಅಂದರು.
ನಾನು ಕೈ ಎತ್ತಿ ಸನ್ನೆ ಮಾಡಿದೆ— ಸ್ವಲ್ಪ ಇರು.
ಬಸ್ಸು ಹೊರಟಿತು. ಅದು ಬಿಟ್ಟರೆ ಎರಡರವರೆಗೆ ಬೇರೆ ಬಸ್ಸಿಲ್ಲ.
ಆಮೇಲೆ ನಡೆದದ್ದು ನೆನೆಸಿಕೊಂಡರೆ... ಒಳಗೆ ಕೂತಿದ್ದ ಮೇಡಂ ಅವರನ್ನು ಹಿಂದಿನ ಬಾಗಿಲಿಂದ ಹೊರಡಿಸಿ, ಕಾಂಪೌಂಡ್ ಸುತ್ತಿಸಿ, ಮುಂದಿನ ಗೇಟಿಂದ ಹೊಸದಾಗಿ ಬಂದ ಹಾಗೆ ಕರೆತಂದೆವು. ಪನ್ನೀರು ಬಿತ್ತು. ಮೇಡಂ ನಿಂತು ಕೇಳಿದರು, “ಇವತ್ತು ನಮ್ಮ ಎಂಟ್ರೆನ್ಸ್ ಅಲ್ವಾ? ನಿಮ್ಮ ಸ್ಕೂಲಿಂದ ಯಾರಾದ್ರೂ ಹೋಗಿದಾರಾ?”
“ಹೋಗಿದಾರೆ ಮೇಡಂ,” ಅಂದೆ. ನಾನೇ. ರೂಬಿ ಪಕ್ಕದಲ್ಲೇ ನಿಂತಿದ್ದಳು.
ಆಮೇಲೆ ಭಾಷಣ. ಗುಡಿ ದೀಪದಲ್ಲಿ ಓದಿದ ಹುಡುಗಿ, ಪುಸ್ತಕ ತಲೆ ಮೇಲಿಟ್ಟು ಹೊಳೆ ದಾಟಿದ ಹುಡುಗಿ— ಯಾರೂ ಹೇಳಿದ್ದಲ್ಲ, ನಾನೇ ಕಟ್ಟಿದ್ದು. ಜನ ಕಣ್ಣೊರೆಸಿಕೊಂಡರು. ಮೇಡಂ ಟೇಬಲ್ ಕ್ಲಾತ್ ನೋಡುತ್ತಿದ್ದರು.

29-5-2003, ಗುರುವಾರ
ಇಷ್ಟು ದಿನ ಸೈಕಲ್ ಶಾಪಿನ ಬೀದಿ ಬಿಟ್ಟು ಓಡಾಡಿದೆ. ಇವತ್ತು ಪಾಷಾನೇ ಕೂಗಿ ಕರೆದ. ಮುಂದಿನ ಚಕ್ರಕ್ಕೆ ಗಾಳಿ ಹೊಡೆಯುತ್ತಾ ಅಂದ, “ನಸೀಬು ಬುಡಿ ಮೇಷ್ಟ್ರೇ. ರೂಬಿ ಹೇಳಿದ್ಲು, ಅವತ್ತು ಬಸ್ಸೇ ಬರ್ಲಿಲ್ವಂತೆ. ನೀವೇನ್ ಮಾಡಕ್ಕಾಯ್ತದೆ? ಹೊಲಿಗೆ ಕಲೀಲಿ, ಅಂತರಸನಹಳ್ಳಿ ಗಾರ್ಮೆಂಟ್ಸಲ್ಲಿ ಕೆಲ್ಸ ಸಿಗ್ತದೆ.”
ಬಸ್ಸೇ ಬರಲಿಲ್ಲವಂತೆ.
ಹೂಂ ಅಂದೆ. ಅಷ್ಟೇ ಅಂದು ಬಂದೆ, ಥೂ.

2-6-2003, ಸೋಮವಾರ
ತುಮಕೂರಿಗೆ ಹೋದೆ. ಮೇಡಂ ಮನೆ. ಎಲ್ಲ ಹೇಳಿದೆ. ಬೈಯಲಿ ಅಂತ ಕಾದೆ. ಬೈಯಲಿಲ್ಲ.
“ನಾನು ಕೇಳ್ದಾಗ ಆ ಮಗು ನಿಮ್ಮ ಮುಖ ನೋಡ್ತು. ಅವಳನ್ನೇ ಇನ್ನೊಂದ್ಸಲ ಕೇಳ್ಬೇಕಿತ್ತು ನಾನು. ಹಾರ ಹಾಕಿಸ್ಕೊಳ್ಳೋ ಗಡಿಬಿಡೀಲಿ ಕೇಳ್ಲಿಲ್ಲ.”
ಮತ್ತೆ ಪರೀಕ್ಷೆ ಇಡಕ್ಕಾಗಲ್ವಾ ಮೇಡಂ, ಅಂದೆ.
“ಒಬ್ಬಳಿಗೋಸ್ಕರ ಇಟ್ರೆ ಬರೆದ ಮಕ್ಳಿಗೆ ಏನ್ ಹೇಳ್ಲಿ? ಮುಂದಿನ ವರ್ಷ ಬರೀಬಹುದು. ಅವ್ರ ಮನೇಲಿ ನೀವೇ ಹೋಗಿ ಹೇಳಿ. ಕಥೆ ಕಟ್ಟಬೇಡಿ.”
ಗೇಟಿನ ತನಕ ಬಂದರು. “ಮೇಷ್ಟ್ರೇ, ನಾನು ಗುಡಿ ದೀಪದಲ್ಲಿ ಓದಿಲ್ಲ. ಯಾವ ಹೊಳೇನೂ ದಾಟಿಲ್ಲ. ಹುಲಿಯೂರುದುರ್ಗದಲ್ಲಿ ನಮ್ಮಪ್ಪ ದಿನಾ ರೋಡಿಗೆ ಬಂದು, ಬಸ್ಸಿಗೆ ಕೈ ಅಡ್ಡ ಹಿಡಿದು ನನ್ನನ್ನ ಹತ್ತಿಸ್ತಿದ್ರು. ನನ್ನ ಕಥೆ ಅಷ್ಟೇ.”

3-6-2003, ಮಂಗಳವಾರ
ಹೇಳಿದೆ. ಪಾಷಾ ಮುಂದೆ, ರೂಬಿ ಮುಂದೆ. ಬಸ್ಸು ಬಂದಿತ್ತು, ರೂಬಿಯನ್ನು ನಾನೇ ತಡೆದೆ, ಆಮೇಲೆ ಸುಳ್ಳೂ ಹೇಳಿದೆ. ಒಂದು ವರ್ಷ ಮನೇಲೇ ಓದಲಿ, ಪಾಠ ನಾನು ಹೇಳಿಕೊಡ್ತೀನಿ, ಮುಂದಿನ ವರ್ಷ ಬರೀಲಿ.
ಪಾಷಾ ಪಂಪ್ ಕೆಳಗಿಟ್ಟ. ಮಗಳ ಕಡೆ ತಿರುಗಿದ. “ನೀನ್ಯಾಕೆ ಬಸ್ ಬರ್ಲಿಲ್ಲ ಅಂದೆ?”
“ಸಾರ್‌ನ ನೀವು ಬೈತೀರ ಅಂತ.”
ಪಾಷಾ ಕೈಗೆ ಮೆತ್ತಿದ್ದ ಗ್ರೀಸ್ ಒರೆಸಿಕೊಂಡ. ರೂಬಿಯೇ ಕೇಳಿದಳು, “ಸಾರ್, ಮುಂದಿನ್ವರ್ಷ ಆ ದಿನ ಯಾರ್ಗೂ ಸನ್ಮಾನ ಇಲ್ವಲ್ಲ?”
ಈ ಸಲ ಯಾರೂ ನಗಲಿಲ್ಲ.
“ಬರೀಲಿ,” ಅಂದ ಪಾಷಾ. “ಆದ್ರೆ ಬಸ್ ನಾನೇ ಹತ್ತಿಸ್ತೀನಿ ಬುಡಿ, ಮೇಷ್ಟ್ರೇ.”
ಸೈಕಲ್ ತಗೊಂಡು ಹೊರಟೆ. ಆಗಲೇ ರೋಡಲ್ಲಿ ಹಾರ್ನ್. ಹನ್ನೆರಡೂವರೆ ಬಸ್ಸು. ಅದು ಕಣ್ಮರೆಯಾಗುವ ತನಕ ಮೂವರೂ ಅದನ್ನೇ ನೋಡುತ್ತಾ ನಿಂತೆವು.