ಅಜ್ಜಿ ಕೂಗಿ ಕರೆದದ್ದು

ಯಳಂದೂರು,
೪ ಅಕ್ಟೋಬರ್ ೧೯೫೨

ಪ್ರೀತಿಯ ಅಪ್ಪ,

ನಿಮಗೂ ಮಮ್ಮಿಗೂ ನಮಸ್ಕಾರ. ಬಂದ ದಿನವೇ ಕಾಗದ ಹಾಕುತ್ತೇನೆ ಎಂದವಳು ಇಷ್ಟು ತಡ ಮಾಡಿದ್ದಕ್ಕೆ ಬಯ್ಯಬೇಡಿ. ಬರೆದೆ, ಹರಿದುಹಾಕಿದೆ. ಕನ್ನಡ ತಪ್ಪಿದ್ದರೆ ಎಂದಿನ ಹಾಗೆ ಕೆಂಪು ಶಾಯಿಯಲ್ಲಿ ತಿದ್ದಿ ಇಟ್ಟುಕೊಳ್ಳಿ. ಕಾನ್ವೆಂಟ್ ಹಾಸ್ಟೆಲಿನಲ್ಲಿ ಬೆಳೆದವಳಿಗೆ ಇಷ್ಟು ಬಂದದ್ದೇ ರಜೆಯಲ್ಲಿ ನೀವು ಕೂರಿಸಿ ಬರೆಸಿದ್ದರಿಂದ.

ಮೊದಲು ನೀವು ಕೇಳಿದ ಪ್ರಶ್ನೆ. "ಅಲ್ಲಿ ಯಾರಾದರೂ ನನ್ನ ಹೆಸರು ಎತ್ತಿದರಾ?" ಎಂದು ಕೇಳಿದ್ದಿರಿ. ಬಂದ ಹೊಸದರಲ್ಲಿ ಇಲ್ಲ. ನೀವು ಮಮ್ಮಿಯನ್ನು ಮದುವೆಯಾದಾಗ "ಈ ಮನೇಲಿ ಆ ಎಸ್ರು ಕೇಳುಸ್ಕೂಡದು" ಎಂದು ತಾತ ಹೇಳಿದರಲ್ಲ, ಆ ಮಾತು ಗೋಡೆಗೆ ಹೊಡೆದ ಮೊಳೆಯ ಹಾಗೆ ಇನ್ನೂ ಅಲ್ಲೇ ಇತ್ತು.

ಮೈಸೂರಿನಿಂದ ನನ್ನನ್ನು ದಸರಾ ರಜೆಗೆ ಕರೆಸಿಕೊಂಡದ್ದು ಅಜ್ಜಿ. ತಾತ ಬೇಡ ಎನ್ನಲಿಲ್ಲ, ಅಷ್ಟೆ. ಬಸ್ಸಿಳಿಯುವಾಗ ಕೆಮಿಸ್ಟ್ರಿ ಪರೀಕ್ಷೆಗಿಂತ ಹೆಚ್ಚು ಹೆದರಿಕೆಯಿತ್ತು. ಜಗಲಿಯಲ್ಲೇ ಕೂರಿಸಿ ಬೇರೆ ತಟ್ಟೆ ಇಡುತ್ತಾರೇನೋ ಎಂದುಕೊಂಡಿದ್ದೆ. ಅಜ್ಜಿ ಒಳಗೇ ಮಣೆ ಹಾಕಿದರು. ತಾತ ಮಾತ್ರ ನನ್ನೊಡನೆ ನೇರವಾಗಿ ಮಾತಾಡಲಿಲ್ಲ. ನಾನು ಎದುರಿಗೇ ನಿಂತಿದ್ದರೂ "ಆ ಮಗು ಉಂಡ್ತಾ ಕೇಳು" ಎಂದು ಅಜ್ಜಿಗೆ ಹೇಳುವರು. ನನಗೂ ಅವರನ್ನು ತಾತ ಎಂದು ಕರೆಯಲು ಬಾಯಿ ಬರಲಿಲ್ಲ.

ಇನ್ನೊಂದು ವಿಚಿತ್ರ. ತಾತ ಜಗಲಿಯಲ್ಲಿದ್ದರೆ ಅಜ್ಜಿ ಅವರನ್ನು ಕೂಗುವುದಿಲ್ಲ. ಬಾಗಿಲಿನ ಚೌಕಟ್ಟಿಗೆ ಹಿತ್ತಾಳೆ ಲೋಟ ಬಡಿಯುತ್ತಾರೆ. ಟಣ್ ಟಣ್ ಎಂದರೆ ತಾತ ಎದ್ದು ಬರುತ್ತಾರೆ, ಥೇಟ್ ನಮ್ಮ ಹಾಸ್ಟೆಲ್ ಬೆಲ್ಲು. ನಾನು ಸೆರಗಿನ ಮರೆಯಲ್ಲಿ ನಕ್ಕೆ.

ಗುರುವಾರ ಮೂವರೂ ಕೊಳ್ಳೇಗಾಲಕ್ಕೆ ಹೋಗಿದ್ದೆವು. ತಾತ ಶಿರಸ್ತೇದಾರರಾಗಿದ್ದಷ್ಟು ಕಾಲವೂ "ರಿಟೈರಾಗ್ಲಿ, ನಾಟಕ ತೋರುಸ್ತೀನಿ" ಎನ್ನುತ್ತಲೇ ಬಂದಿದ್ದರಂತೆ. ಹನೂರಿನಲ್ಲಿ ಕ್ಯಾಂಪ್ ಮುಗಿಸಿದ ಕಂಪನಿಯೊಂದು ಕೊಳ್ಳೇಗಾಲಕ್ಕೆ ಬಂದಿದೆ ಎಂದು ತಿಳಿದದ್ದೇ ತಡ, ಅಜ್ಜಿ "ಸರ್ಕಾರನೇ ನಿಮ್ಮನ್ನ ಬುಟ್ಬುಡ್ತು. ಇನ್ಯಾರ ಅಪ್ಣೆ ಬೇಕು?" ಎಂದರು.

ಕೊಳ್ಳೇಗಾಲ ಮದರಾಸಿಗೆ ಸೇರಿದ್ದರಿಂದ ಸರಹದ್ದಿನಲ್ಲಿ ಆ ಸೀಮೆಯ ಪೊಲೀಸಿನವನು ಬಸ್ಸು ಹತ್ತಿದ. ಅಲ್ಲಿ ಪಾನನಿಷೇಧವಲ್ಲವೇ, ಎಲ್ಲರ ಗಂಟೂ ಮುಟ್ಟಿ ನೋಡಿದ. ಅಜ್ಜಿಯ ಮುಚ್ಚಿದ ಚೊಂಬಿನ ಮೇಲೆ ಅವನಿಗೆ ಅನುಮಾನ.

"ಮಜ್ಗೆ ಕಣಪ್ಪ. ಕುಡ್ದು ನೋಡು, ಮತ್ತೇರುದ್ರೆ ನನ್ನ ಇಡ್ಕೊಂಡೋಗು" ಎಂದರು ಅಜ್ಜಿ.

ಬಸ್ಸೆಲ್ಲ ನಕ್ಕಿತು. ತಾತ ಕಿಟಕಿಯ ಕಡೆ ಮುಖ ತಿರುಗಿಸಿದ್ದರು, ಆದರೆ ಅವರ ಹೆಗಲು ಅಲುಗುತ್ತಿತ್ತು.

ಕೊಳ್ಳೇಗಾಲದಲ್ಲಿ ಗೋವಿಂದಯ್ಯ ಎಂಬ ನೇಕಾರರು ತಾತನ ಹಳೆಯ ಸ್ನೇಹಿತರು. ರಾತ್ರಿ ಉಳಿಯುವುದೂ ಅವರ ಮನೆಯಲ್ಲೇ ಎಂದಾಗಿತ್ತು. ಮಗ್ಗದ ಮೇಲೆ ನೇರಳೆ ಬಣ್ಣದ ರೇಷ್ಮೆ ಸೀರೆ ಅರ್ಧ ಆಗಿತ್ತು. ಅವರು ಮಮ್ಮಿಯಿಂದ ಬಂದ ನನ್ನ ಬೂದುಗಣ್ಣು ನೋಡಿ, "ಈ ಮಗು ಯಾರ ಮಗಳು ಸಾ?" ಎಂದು ಕೇಳಿದರು. ತಾತ ಸೀರೆಯ ಅಂಚನ್ನೇ ನೋಡುತ್ತಾ "ನಮ್ಮನೆ ಮಗು" ಎಂದರು. ಅಜ್ಜಿ ನನ್ನ ಕೈ ಹಿಡಿದುಕೊಂಡವರು ಬಹಳ ಹೊತ್ತು ಬಿಡಲಿಲ್ಲ.

ಸಂಜೆ ವೀರಶೈವರ ಊಟದ ಹೋಟೆಲಿಗೆ ಹೋದೆವು. ತಾತ ಉಂಡೆದ್ದ ಮೇಲೆಯೇ ಉಣ್ಣುವ ಅಜ್ಜಿಗೆ, ಮೂರು ಎಲೆ ಒಟ್ಟಿಗೆ ಹಾಕಿದ್ದು ಕಂಡು ಗಾಬರಿ. "ನೀವುಣ್ಣಿ, ನಾನು ಆಮ್ಯಾಕೆ" ಎಂದರು. ಬಡಿಸುವವನು ಸಾರಿನ ಬಕೆಟ್ಟು ಹಿಡಿದು ನಿಂತು, "ಆಮ್ಯಾಕೆ ಜಾಗ ಸಿಕ್ಕಕಿಲ್ಲ ಕಣವ್ವ, ನಾಟಕದ ಜನ ನುಗ್ತದೆ" ಎಂದ. ಅಜ್ಜಿ ಸೆರಗು ಮುಂದೆಳೆದುಕೊಂಡು, ಗೋಡೆಯ ಕಡೆ ತಿರುಗಿ ಉಂಡರು. ನನ್ನ ಸಾರು ಎಲೆ ದಾಟಿ ಹರಿಯಿತು. "ಅನ್ನದಲ್ಲಿ ಕಟ್ಟೆ ಕಟ್ಕೊಳ್ಳಕ್ಕೇಳು ಆ ಮಗೀಗೆ" ಎಂದು ತಾತ ಅಜ್ಜಿಗೆ ಹೇಳಿ, ನನಗೆ ಇನ್ನೊಂದು ಹಪ್ಪಳ ಹಾಕಿಸಿದರು.

ನಾಟಕದ ತಗಡಿನ ಶೆಡ್ಡಿಗೆ ಗಂಡಸರ ಬಾಗಿಲು ಬೇರೆ, ಹೆಂಗಸರ ಬಾಗಿಲು ಬೇರೆ. ಜೊತೆಯಲ್ಲಿ ನಾಟಕ ನೋಡಲು ಅಷ್ಟು ವರ್ಷ ಕಾದವರು ಹಗ್ಗದ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಕೂತರು. ಹಾಸ್ಯದವನು ಬಂದಾಗಲೆಲ್ಲ ಅಜ್ಜಿ ನನ್ನ ಮೊಣಕೈ ತಿವಿದು, "ಆ ಕಡೆ ಅವ್ರು ನಕ್ರಾ ನೋಡು ಮಗ, ನಿನ್ ಕಣ್ಣು ಚೆನ್ನಾಗವೆ" ಎನ್ನುವರು. ನನಗೆ ನಾಟಕ ಅರ್ಧ ಅರ್ಥವಾಯಿತು. ಉಳಿದರ್ಧ ಹೊತ್ತು ತಾತನ ಮೀಸೆ ನೋಡುವುದರಲ್ಲೇ ಹೋಯಿತು.

ಆಟ ಮುಗಿದು ಜನ ಒಂದೇ ಸಲ ಹೊರಬಿತ್ತು. ಸೋಡಾ ಅಂಗಡಿಯ ಮುಂದೆ ಸೇರುವುದೆಂದು ಮಾತಾಗಿತ್ತು. ನೂಕಾಟದಲ್ಲಿ ನಮಗೆ ತಡವಾಯಿತು. ತಾತ ಅಲ್ಲಿ ನಿಂತು, ಸುತ್ತ ನೋಡಿ, ನಾವು ಮುಂದೆ ಹೋಗಿರಬೇಕೆಂದು ತಿಳಿದು ಜನರ ಜೊತೆ ನಡೆದುಬಿಟ್ಟರು. ಅವರ ಬಿಳಿ ರುಮಾಲು ದೂರವಾಗುವುದು ನಮಗೆ ಕಾಣುತ್ತಿತ್ತು. ಗೋವಿಂದಯ್ಯನವರ ಮನೆಯ ದಾರಿ ನಮಗಿಬ್ಬರಿಗೂ ಗೊತ್ತಿಲ್ಲ. ನಾನು "ತಾತ" ಎಂದೆ. ಅಭ್ಯಾಸವಿಲ್ಲದ ಮಾತು, ನನಗೇ ಕೇಳಿಸಲಿಲ್ಲ. ಅಜ್ಜಿಯ ಕೈಯಲ್ಲಿ ಬಡಿಯಲು ಲೋಟವಿರಲಿಲ್ಲ. ಎರಡೂ ಕೈ ಬಾಯಿಗೆ ಅಡ್ಡ ಹಿಡಿದು ಕೂಗಿದರು:

"ಸಿವಮಲ್ಲನ ಅಪ್ಪೋ..."

ಬಿಳಿ ರುಮಾಲು ನಿಂತಿತು. ತಾತ ತಿರುಗಿ, ಜನಕ್ಕೆ ಎದುರಾಗಿ ನಡೆದು ಬಂದರು. ಬಯ್ಯುತ್ತಾರೆಂದು ನಾನು ಅಜ್ಜಿಯ ಹಿಂದೆ ಸರಿದೆ.

"ಇಲ್ಲೇ ಇವ್ನಿ ಕಣೆ. ಯಾಕಂಗೆ ಊರೇ ತಿರುಗ್ ನೋಡಂಗೆ ಕೂಗೀಯೆ?" ಎಂದರು. ಅವರ ಮನಸ್ಸಿನಲ್ಲಿ ಏನಿತ್ತೋ ನನಗೆ ಆಗ ತಿಳಿಯಲಿಲ್ಲ. ಅಂತೂ ನಿಮ್ಮ ಹೆಸರು ಎತ್ತಿದರಾ ಎಂಬ ಪ್ರಶ್ನೆಗೆ ಇದು ಉತ್ತರ.

"ಮಾದಪ್ಪಸ್ವಾಮಿ ಗಂಡ ಹೆಂಡ್ತಿ ಇಬ್ರನ್ನೂ ತಣ್ಣಗಿಟ್ಟಿರ್ಲಿ, ಸೊಸೇಗೂ ಸೇರ್ಸಿ ಬರಿ" ಎಂದು ಅಜ್ಜಿ ಪಕ್ಕದಲ್ಲೇ ಕೂತು ಹೇಳುತ್ತಿದ್ದಾರೆ.

ನಿಮ್ಮ ಮಗಳು,
ಎಲೆನ್

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು. ಅಜ್ಜಿ ಲೋಟ ಬಡಿಯುವ ಕಾರಣ ತಿಳಿದರೆ ನಿಮಗೆ ನೋವಾಗುತ್ತದೆಂದು ಬಿಟ್ಟಿದ್ದೆ. ಇವತ್ತು ಬೆಳಿಗ್ಗೆ ನನ್ನ ತಲೆ ಬಾಚುತ್ತಾ ಅಜ್ಜಿ ಹೇಳಿದರು: "ಗಂಡನ ಎಸ್ರೇಳ್ಬಾರ್ದು ಕಣ್ ಮಗ. ಚೊಚ್ಚಲ ಮಗನ ಎಸ್ರಿಡ್ಕೊಂಡು, ಅವನ ಅಪ್ಪ ಅಂತ್ಲೇ ನಾವು ಕರ್ಯೋದು. ನಂಗಿದ್ದೋನು ಒಬ್ಬ. ಅವನ ಎಸ್ರೇ ಎತ್ತಬ್ಯಾಡ ಅಂದ್ಮ್ಯಾಕೆ ಇವ್ರನ್ನ ಏನಂತ ಕರೀಲಿ? ಅವತ್ನಿಂದ ಲೋಟ ಬಡ್ದೆ." ನಾನು ನಕ್ಕಿದ್ದೆನಲ್ಲ, ಆ ಲೋಟ.

ಈಗ ಸಂಜೆ ಕಾಫಿಯ ಹೊತ್ತಿಗೆ ಅಜ್ಜಿ ಅಭ್ಯಾಸದಂತೆ ಚೌಕಟ್ಟಿಗೆ ಬಡಿದರು. ತಾತ ಪೇಪರಿನಿಂದ ತಲೆಯೆತ್ತಲಿಲ್ಲ. ಇನ್ನೂ ಜೋರಾಗಿ ಬಡಿದರು. ತಾತ ಪುಟ ತಿರುವಿದರು. ನಾನು ಹತ್ತಿರ ಹೋಗಿ "ತಾತ, ಅಜ್ಜಿ ಕರೀತಿದಾರೆ" ಎಂದೆ.

ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು: "ಎಲ್ಲಿ ಕರುದ್ಲು ಮಗ? ನಂಗೇನೂ ಕೇಳುಸ್ನಿಲ್ವಲ್ಲ."

ಅಜ್ಜಿ ಹೊಸ್ತಿಲಲ್ಲಿ ಲೋಟ ಹಿಡಿದು ನಿಂತೇ ಇದ್ದರು. ಆಮೇಲೆ, ಕೂಗಿ ಅಲ್ಲ, ಮೆಲ್ಲಗೆ, "ಸಿವಮಲ್ಲನ ಅಪ್ಪ, ಕಾಪಿ ಆರೋಯ್ತದೆ" ಎಂದರು.

"ಬಂದೆ" ಎಂದು ತಾತ ಪೇಪರು ಮಡಿಸಿ ಎದ್ದರು.